ನಿಂತ ಮೋಟಾರೂ ಹಳೆಯ ಪೆಟ್ರೋಲೂ

ಹಳೆಯದಾದಷ್ಟೂ ಯೋಗ್ಯತೆ ಹೆಚ್ಚುವ ಪದಾರ್ಥಗಳು ನಮ್ಮ ಮನೆಗಳಲ್ಲಿ ಕೆಲವುಂಟು. ಹಳೆಯ ಅಕ್ಕಿಯ ಅನ್ನವು ಹೊಟ್ಟೆಗೆ ಹಗುರು. ಹಳೆಯ ಬೆಲ್ಲವನ್ನು ವೈದ್ಯರು ಔಷಧಕ್ಕೆ ಬಯಸುವರು. ಹಳೆಯ ತುಪ್ಪಕ್ಕಂತೂ ಆಯುರ್ವೇದದವರು ಪುರಾಣಘೃತವೆಂಬ ಗೌರವದ ಹೆಸರನ್ನೇ ಇಟ್ಟಿರುವರು. ಮೂರು ದಶಕಗಳಿಗೂ ಮಿಕ್ಕಿ ಸಂಸ್ಕೃತವನ್ನು ಕಲಿಸಿ ನಿವೃತ್ತರಾದ ನಮ್ಮಂಥವರಿಗೆ ಹಳೆಯದರ ಮೇಲೆ ತುಸು ಪಕ್ಷಪಾತವಿರುವದು ಸಹಜವೇ ಸರಿ. ಆದರೆ ಕಳೆದ ಕಾರ್ತಿಕ ಮಾಸದಲ್ಲಿ ೨೧ ಲೀಟರು ಹಳೆಯ ಪೆಟ್ರೋಲು ಈ ಪಕ್ಷಪಾತದ ಕಿವಿಯನ್ನು ಚೆನ್ನಾಗಿ ಹಿಂಡಿತು. ಅಂಗಳದಲ್ಲಿ ಓಡದ ಗಾಡಿಯೊಂದಕ್ಕೆ ಹೊದಿಕೆ ಹೊದಿಸಿ ನಿಲ್ಲಿಸಿದವರು ನಮ್ಮ ವಾಚಕರಲ್ಲಿಯೂ ಕೆಲವರಿರಬಹುದು. ಅವರಿಗೆ ಉಪಯೋಗವಾದೀತೆಂದು, ನಮ್ಮ ಅವಿವೇಕವನ್ನು ಬಚ್ಚಿಡದೆ, ನಡೆದ ಸಂಗತಿಯನ್ನು ಇಲ್ಲಿ ನಿವೇದಿಸುತ್ತೇವೆ.

ಆ ಪೆಟ್ರೋಲು ನಮ್ಮದಲ್ಲ, ನಮ್ಮ ಅಣ್ಣನವರದು. ಅವರಿಗೆ ಹುಬ್ಬಳ್ಳಿಯ ರೈಲ್ವೆಯಲ್ಲಿ ನೌಕರಿ. ವಾಸ ಮಾತ್ರ ಧಾರವಾಡದ ಮಾಳಮಡ್ಡಿಯಲ್ಲಿ. ೧೯೯೬ರಲ್ಲಿ ಅವರು ಒಂದು ಮಾರುತಿ ೮೦೦ ಗಾಡಿಯನ್ನು ಕೊಂಡರು. ೧೯೮೩ರ ಡಿಸೆಂಬರದಲ್ಲಿ ಮೊದಲು ಜನರ ಕೈಗೆ ಬಂದು, ೨೦೧೪ರಲ್ಲಿ ತಯಾರಿಕೆ ನಿಂತ ಈ ಪುಟ್ಟ ಗಾಡಿಯು ನಮ್ಮ ದೇಶದ ಎಷ್ಟೋ ಸಾಧಾರಣ ಕುಟುಂಬಗಳಿಗೆ ಮೊಟ್ಟಮೊದಲನೆಯ ಮೋಟಾರು ಆಗಿತ್ತು. ಅಣ್ಣನವರ ಮನೆಗೂ ಹಾಗೆಯೇ. ವಿದ್ಯಾಗಿರಿ, ನವಲೂರು, ರಾಯಾಪುರ, ನವನಗರ, ಉಣಕಲ್ಲುಗಳನ್ನು ದಾಟಿ ಹುಬ್ಬಳ್ಳಿಗೆ ಹೋಗುವ ಆ ಸುಮಾರು ೨೦ ಕಿಲೋಮೀಟರಿನ ದಾರಿಯನ್ನು ಅದು ಎಷ್ಟು ಸಲ ತುಳಿಯಿತೋ ಲೆಕ್ಕವಿಲ್ಲ. ಲೆಕ್ಕವಿಲ್ಲವೆಂದದ್ದು ತಪ್ಪು, ಲೆಕ್ಕವಿತ್ತು. ಅಣ್ಣನವರು ಪೆಟ್ರೋಲು ಹಾಕಿಸಿದಾಗಲೆಲ್ಲ ತಾರೀಖು, ಲೀಟರು, ಓಡಿದ ದೂರ ಈ ಮೂರನ್ನೂ ಒಂದು ಸಣ್ಣ ವಹಿಯಲ್ಲಿ ಬರೆದು ಗಾಡಿಯಲ್ಲಿಯೇ ಇಡುತ್ತಿದ್ದರು.

೨೦೨೧ರ ಯುಗಾದಿಯು ಏಪ್ರಿಲ್ ೧೩ಕ್ಕೆ ಬಂದಿತ್ತು. ಮರುದಿನ ಅಣ್ಣನವರು ಪಂಪಿಗೆ ಹೋಗಿ ಟಾಕಿಯನ್ನು ಕಂಠಪೂರ್ತಿ ತುಂಬಿಸಿಕೊಂಡು ಬಂದರು. ವೈನಿಯವರನ್ನು ಬಾದಾಮಿಯ ಬನಶಂಕರಿಗೆ ಕರೆದುಕೊಂಡು ಹೋಗಬೇಕೆಂಬ ಹರಕೆಯಿತ್ತು. ಅಷ್ಟರಲ್ಲಿ ಮಹಾಮಾರಿಯ ಎರಡನೆಯ ಅಲೆ ಬಂದಿತು; ಆ ತಿಂಗಳ ಕೊನೆಯಲ್ಲಿ ರಾಜ್ಯವೆಲ್ಲ ಬಾಗಿಲು ಹಾಕಿಕೊಂಡಿತು; ಮೇ ತಿಂಗಳಲ್ಲಿ ಅಣ್ಣನವರು ತೀರಿಕೊಂಡರು. ಬನಶಂಕರಿಗೆಂದು ತುಂಬಿಸಿದ ಪೆಟ್ರೋಲು ಟಾಕಿಯಲ್ಲಿಯೇ ಉಳಿಯಿತು. ಗಾಡಿಯು ಹಿತ್ತಲ ಕಡೆಯ ತಗಡಿನ ಛಾವಣಿಯ ಕೆಳಗೆ ಐದು ಮಳೆಗಾಲಗಳನ್ನು ಕಳೆಯಿತು. ವೈನಿಯವರು ಪ್ರತಿ ಶುಕ್ರವಾರ ಅದನ್ನು ಒದ್ದೆ ಅರಿವೆಯಿಂದ ಒರಸುವರು. ಆದರೆ ಚಾವಿಯನ್ನು ಯಾರಿಗೂ ಕೊಡರು.

ವಾಹನವೆಂಬ ಶಬ್ದವು ‘ವಹ್’ ಎಂಬ ಧಾತುವಿನಿಂದ ಬಂದಿದೆ, ಹೊತ್ತೊಯ್ಯುವದೇ ವಾಹನ. ಹಾಗೆ ನೋಡಿದರೆ ನಾಲ್ಕೂವರೆ ವರುಷ ನಿಂತಲ್ಲಿಯೇ ನಿಂತದ್ದಕ್ಕೆ ಆ ಹೆಸರು ಸಲ್ಲದು. ಆದರೆ ವ್ಯಾಕರಣದ ಈ ಮಾತನ್ನು ವೈನಿಯವರ ಮುಂದೆ ಆಡುವ ಧೈರ್ಯ ನಮಗಿರಲಿಲ್ಲ.

ಕಳೆದ ವರುಷ ಪುಣೆಯಲ್ಲಿರುವ ಅವರ ಮಗನು ಫೋನಿನಲ್ಲಿ, “ಕಾಕಾ, ಒಂದೋ ಗಾಡಿ ಚಾಲೂ ಮಾಡಸ್ರಿ, ಇಲ್ಲಾ ಮೋಡಕಾದವರಿಗೆ ಕೊಡ್ರಿ. ಅವ್ವ ಒಬ್ಬಾಕಿ ಅದನ್ನ ಎಷ್ಟ ದಿನಾ ಕಾಯಬೇಕು?” ಎಂದನು. ಮೋಡಕಾ ಎಂಬ ಮಾತು ಕಿವಿಗೆ ಬಿದ್ದುದೇ ವೈನಿಯವರು ಚಾವಿಯನ್ನು ತಂದು ನಮ್ಮ ಕೈಯಲ್ಲಿಟ್ಟರು. ಇಡುತ್ತ ಒಂದೇ ಮಾತು ಹೇಳಿದರು: “ಚಾಲೂ ಮಾಡಸು. ಆದರ ಅದರಾಗಿನ ಪೆಟ್ರೋಲು ಚೆಲ್ಲಬ್ಯಾಡಪಾ. ಅದು ಅವರು ತುಂಬಿಸಿದ್ದು.”

ಮುಂದಿನ ಅನರ್ಥಗಳೆಲ್ಲ ಈ ಮಾತಿನ ಮೇಲಿನ ಗೌರವದಿಂದಲೇ ಹುಟ್ಟಿದವು. ನಾವು ಹೊಸ ಬ್ಯಾಟರಿಯೊಂದನ್ನು ಹಾಕಿಸಿ, ನೆರೆಮನೆಯ ಹುಡುಗನನ್ನು ಕೂಡ್ರಿಸಿ, ಚಾವಿ ತಿರುವಿಸಿದೆವು. ಯಂತ್ರವು ಮುದುಕನಂತೆ ನರಳಿತು, ಎರಡು ಸಲ ಕೆಮ್ಮಿತು, ಸುಮ್ಮನಾಯಿತು. ನಾವು ಬಿಡಲಿಲ್ಲ. ಹತ್ತು ಸಲ, ಹದಿನೈದು ಸಲ ತಿರುವಿಸಿದೆವು. ಪ್ರತಿ ತಿರುವಿಗೂ ಟಾಕಿಯ ತಳದ ಕೊಳೆಯನ್ನು ನಾವೇ ಯಂತ್ರದ ಗಂಟಲಿಗೆ ಏರಿಸುತ್ತಿದ್ದೇವೆಂಬದು ಆಗ ತಿಳಿಯದು.

ಮಧ್ಯಾಹ್ನ ವೈನಿಯವರೇ ಉಪಾಯ ಹೇಳಿದರು. ತುಪ್ಪದಲ್ಲಿ ಕಸ ಬಿದ್ದರೆ ಸೋಸುವದಿಲ್ಲವೇ? ಹಾಗೆಯೇ ಪೆಟ್ರೋಲನ್ನು ಹೊರತೆಗೆದು ಶುಭ್ರವಾದ ಧೋತರದಲ್ಲಿ ಸೋಸಿ ಮರಳಿ ಹಾಕಿದರಾಯಿತು! ನಮಗೂ ಇದು ಯುಕ್ತವೆಂದು ತೋರಿತು. ರಬ್ಬರಿನ ನಳಿಗೆಯ ಒಂದು ತುದಿಯನ್ನು ಟಾಕಿಯಲ್ಲಿಳಿಸಿ ಇನ್ನೊಂದು ತುದಿಯನ್ನು, ಲಾರಿಯವರು ಮಾಡುವದನ್ನು ಕಂಡಿದ್ದೆವಾದ್ದರಿಂದ, ಬಾಯಿಂದ ಎಳೆದೆವು. ಎಳೆದದ್ದು ತುಸು ಹೆಚ್ಚಾಯಿತು. ಒಂದು ಗುಟುಕು ಪೆಟ್ರೋಲು ಬಾಯಿಗೇ ಬಂದಿತು. ಉಗುಳಿದೆವು, ಕೆಮ್ಮಿದೆವು, ಕಣ್ಣಲ್ಲಿ ನೀರು ಸುರಿಯಿತು. ಪುಣ್ಯವಶಾತ್ ನುಂಗಲಿಲ್ಲ. ಆ ಮೇಲೆ ವೈದ್ಯರು ಹೇಳಿದ್ದನ್ನು ಇಲ್ಲಿಯೇ ಬರೆದುಬಿಡುತ್ತೇವೆ. ಪೆಟ್ರೋಲು ಹೊಟ್ಟೆಗೆ ಇಳಿಯುವದಕ್ಕಿಂತ ಶ್ವಾಸಕೋಶಕ್ಕೆ ಇಳಿಯುವದು ಭಯಂಕರ. ಅಲ್ಲಿ ಅದು ಉರಿಯೂತವನ್ನುಂಟುಮಾಡಿ ಪ್ರಾಣಕ್ಕೇ ಎರವಾಗಬಲ್ಲದು. ಅದಕ್ಕಾಗಿಯೇ ಪೆಟ್ರೋಲು ನುಂಗಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ವಾಂತಿಯಾಗುವಾಗಲೇ ಅದು ಶ್ವಾಸನಾಳಕ್ಕೆ ಜಾರುವ ಸಂಭವ ಹೆಚ್ಚು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇಷ್ಟಾದರೂ ನಳಿಗೆಯಿಂದ ಪೆಟ್ರೋಲು ಇಳಿಯುತ್ತಲೇ ಇತ್ತು. ಅರ್ಧ ಪ್ಲಾಸ್ಟಿಕ್ ಬಕೀಟು ತುಂಬಿದ ಕೂಡಲೇ ಅದರ ಬಾಯಿಗೆ ಧೋತರ ಮುಚ್ಚಿ ಹಿತ್ತಲ ಪಡಸಾಲೆಯಲ್ಲಿಟ್ಟೆವು. ನಮ್ಮ ಮೈಯೆಲ್ಲ ನಾರುತ್ತಿತ್ತು. ಅದನ್ನು ಕಂಡು ಮರುಗಿದ ವೈನಿಯವರು ನಮ್ಮ ಸ್ನಾನಕ್ಕೆಂದು ಬಚ್ಚಲ ಹಂಡೆಯ ಒಲೆಗೆ ಉರಿ ಹಾಕಿದರು. ಬಚ್ಚಲಿಗೂ ಬಕೀಟಿಗೂ ನಡುವೆ ಇದ್ದ ಅಂತರ ಹದಿನೈದು ಹೆಜ್ಜೆ ಮಾತ್ರ.

ಆಗಲೇ ದೇವರು ಕಳಿಸಿದಂತೆ ಮಿಸ್ತ್ರಿಯು ಬಂದನು. ನೆರೆಮನೆಯ ಹುಡುಗನು ನಮ್ಮ ಸಾಹಸವನ್ನು ನೋಡಲಾರದೆ ಅವನನ್ನು ಕರೆತಂದಿದ್ದನು. ಅಂಗಳಕ್ಕೆ ಕಾಲಿಟ್ಟವನೇ ಮೂಗೆತ್ತಿ ವಾಸನೆ ಹಿಡಿದು, ಹೊಗೆಯನ್ನು ಕಂಡು, “ಮೊದಲ ಒಲಿ ಆರಸ್ರಿ ಸರ್ರ! ನಮಸ್ಕಾರ ಆಮ್ಯಾಲ!” ಎಂದು ಕೂಗುತ್ತ ಬಚ್ಚಲಿಗೆ ನುಗ್ಗಿ, ಎರಡು ಕೊಡ ನೀರು ಸುರಿದು ಒಲೆಯನ್ನು ಆರಿಸಿದನು. ಬಳಿಕ ಬಕೀಟನ್ನು ಮೆಲ್ಲಗೆ ಎತ್ತಿ ಬಯಲಿಗೆ ಒಯ್ದನು. ಆ ಮೇಲೆ ಬಂದು ನಮ್ಮ ಕಾಲು ಮುಟ್ಟಿದನು. ಆಗ ಗುರುತು ಸಿಕ್ಕಿತು. ನಮ್ಮ ಹಳೆಯ ಶಿಷ್ಯನೇ. ಒಂಬತ್ತನೆಯ ತರಗತಿಯಲ್ಲಿ ‘ರಾಮ’ ಶಬ್ದದ ರೂಪಗಳು ಬಾರದೆ ಅವನು ಬಾಕಿನ ಮೇಲೆ ನಿಂತ ದಿನಗಳೇ ಹೆಚ್ಚು. ಅವನಿಗೆ ಅದರ ನೆನಪಿತ್ತು. ನಗುತ್ತ, “ನನ್ನ ಬಾಕಿನ ಮ್ಯಾಲ ನಿಲ್ಲಿಸಿದ್ರಿ, ನಾ ಏನೂ ಕಲೀಲಿಲ್ಲ. ಈ ಗಾಡೀನೂ ನಿಲ್ಲಿಸೀರಿ. ನಿಲ್ಲಿಸಿದ್ದು ಸುಧಾರಿಸಾಂಗಿಲ್ರಿ ಸರ್ರ, ಕೆಡತೈತಿ” ಎಂದನು. ನಮ್ಮ ಮೂವತ್ತು ವರುಷಗಳ ಶಿಕ್ಷಣಪದ್ಧತಿಗೆ ಇಷ್ಟು ಚಿಕ್ಕ ಹಾಗೂ ಇಷ್ಟು ಸರಿಯಾದ ವಿಮರ್ಶೆಯನ್ನು ನಾವು ಹಿಂದೆ ಕೇಳಿದ್ದಿಲ್ಲ.

ಅಂದು ಅವನು ಕಲಿಸಿದ ಪಾಠದ ಮೊದಲನೆಯ ಭಾಗವು ಬೆಂಕಿಯನ್ನು ಕುರಿತದ್ದು. ಪೆಟ್ರೋಲು ಉರಿಯುವದಿಲ್ಲ, ಅದರ ಆವಿಯು ಉರಿಯುವದು. ಸೊನ್ನೆಗಿಂತ ೪೦ ಅಂಶ ಕೆಳಗಿನ ಚಳಿಯಲ್ಲಿಯೂ, ಕಿಡಿ ತಾಗಿದರೆ ಹೊತ್ತುವಷ್ಟು ಆವಿಯು ಹೊಸ ಪೆಟ್ರೋಲಿನಿಂದ ಏಳುತ್ತಿರುವದು. ಹಳೆಯದರಲ್ಲಿ ಆವಿ ಕಡಿಮೆಯಾದರೂ ಮನೆ ಸುಡುವದಕ್ಕೆ ಬೇಕಾದಷ್ಟು ಉಂಟು. ಈ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಆದಕಾರಣ ಅದು ಹೊಗೆಯಂತೆ ಮೇಲಕ್ಕೇರದೆ, ಚೆಲ್ಲಿದ ನೀರಿನಂತೆ ನೆಲ ಹಿಡಿದು ಹರಿಯುವದು, ತಗ್ಗಿದ್ದಲ್ಲಿ ಮಡುಗಟ್ಟುವದು, ಒಲೆಯನ್ನೋ ದೇವರ ದೀಪವನ್ನೋ ಮುಟ್ಟಿದರೆ ಬಂದ ದಾರಿಯಿಂದಲೇ ಉರಿಯನ್ನು ಕರೆದುಕೊಂಡು ಮರಳುವದು. ಹೊತ್ತಿದ ಪೆಟ್ರೋಲಿಗೆ ನೀರು ಹಾಕಿದರೆ ಅದು ನೀರಿನ ಮೇಲೆ ತೇಲಿ ಮತ್ತಷ್ಟು ಹರಡುವದು, ಉಸುಕನ್ನೇ ಹಾಕಬೇಕು. ಹದಿನೈದು ಹೆಜ್ಜೆಗಳ ಅರ್ಥವೇನೆಂದು ಆಗ ನಮಗೆ ತಿಳಿಯಿತು. ವೈನಿಯವರು ತುಳಸಿಕಟ್ಟೆಗೆ ಒರಗಿ ಕುಳಿತುಬಿಟ್ಟರು.

ಎರಡನೆಯ ಭಾಗಕ್ಕೆ ಅವನು ಎರಡು ಗಾಜಿನ ಬಾಟಲಿಗಳನ್ನು ಕೇಳಿದನು. ಒಂದರಲ್ಲಿ ಅಂದೇ ತಂದ ಹೊಸ ಪೆಟ್ರೋಲನ್ನೂ ಇನ್ನೊಂದರಲ್ಲಿ ನಮ್ಮ ಟಾಕಿಯ ತಳದಿಂದ ಬಸಿದದ್ದನ್ನೂ ಹಾಕಿ ಬಿಸಿಲಿಗೆ ಹಿಡಿದನು. ಹೊಸದು ಕಣ್ಣಿಗೆ ತಿಳಿಯಾಗಿತ್ತು. ಹಳೆಯದು ಚಹದ ಡಿಕಾಕ್ಷನ್ನಿನ ಬಣ್ಣ. ಅದರ ಬುಡದಲ್ಲಿ ಎರಡು ಬೆರಳಿನಷ್ಟು ಬೇರೊಂದು ದ್ರವ, ತುಕ್ಕಿನ ಪುಡಿಯೊಡನೆ ಮಂಜಾಗಿ ಕುಳಿತಿತ್ತು. ಒಡೆದ ಹಾಲಿನಲ್ಲಿ ನೀರೂ ಗಿಣ್ಣವೂ ಬೇರೆಯಾದಂತೆ ಎರಡರ ನಡುವೆ ಸ್ಪಷ್ಟವಾದ ಗೆರೆಯಿತ್ತು. ವೈನಿಯವರು ಹತ್ತಿರ ಬಂದು ಮೂಸಿ ನೋಡಿ, “ಇದು ಕಮಟು ಹಿಡದದ” ಎಂದರು.

ಆ ಒಂದು ಮಾತಿನಲ್ಲಿ ರಸಾಯನಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆ. ಪೆಟ್ರೋಲು ಒಂದೇ ಪದಾರ್ಥವಲ್ಲ. ನೂರಾರು ಹೈಡ್ರೋಕಾರ್ಬನ್ನುಗಳ ಕೂಟ. ಅವುಗಳಲ್ಲಿ ಕೆಲವು ಮೂವತ್ತು ನಾಲ್ವತ್ತು ಅಂಶಗಳ ಬಿಸಿಗೇ ಕುದಿಯುವಷ್ಟು ಹಗುರು. ಕೆಲವು ಇನ್ನೂರು ಅಂಶಗಳವರೆಗೂ ತಾಳುವಷ್ಟು ಭಾರ. ತಣ್ಣಗಿರುವ ಯಂತ್ರದಲ್ಲಿ ಮೊದಲ ಕಿಡಿಗೆ ಹೊತ್ತಿ ಅದನ್ನು ಎಬ್ಬಿಸುವವು ಆ ಹಗುರಾದವುಗಳೇ. ನಿಂತ ಗಾಡಿಯಲ್ಲಿ ಮೊದಲು ಹಾರಿಹೋಗುವವೂ ಅವೇ. ಉಳಿದವುಗಳಲ್ಲಿ ಕೆಲವು ಗಾಳಿಯ ಆಮ್ಲಜನಕದೊಡನೆ ಕೂಡಿ ಮೊದಲು ಪೆರಾಕ್ಸೈಡುಗಳಾಗಿ, ಬಳಿಕ ಒಂದಕ್ಕೊಂದು ಹೆಣೆದುಕೊಂಡು ಅಂಟಾಗುವವು. ಡಬ್ಬಿಯಲ್ಲಿ ಉಳಿದ ಕುಸುಬೆಯ ಎಣ್ಣೆಯು ಕಮಟುವದೂ, ಅದರ ಜಿಡ್ಡು ಅಂಟಂಟಾಗುವದೂ ಹೆಚ್ಚುಕಡಿಮೆ ಇದೇ ರೀತಿಯಿಂದಲೇ. ಗೃಹಿಣಿಯ ಮೂಗು ತಪ್ಪಲಿಲ್ಲ. ‘ತೈಲ’ವೆಂಬ ಶಬ್ದಕ್ಕೆ ಮೂಲದಲ್ಲಿ ತಿಲದಿಂದ, ಎಂದರೆ ಎಳ್ಳಿನಿಂದ, ಬಂದದ್ದೆಂದು ಅರ್ಥ. ಪೆಟ್ರೋಲಿಯಮ್ ಎಂಬದಕ್ಕೆ ಲ್ಯಾಟಿನ್ನಿನಲ್ಲಿ ಕಲ್ಲಿನ ಎಣ್ಣೆಯೆಂದು ಅರ್ಥ. ಎಳ್ಳಿನದಾಗಲಿ ಕಲ್ಲಿನದಾಗಲಿ, ಗಾಳಿಯ ಮುಂದೆ ಎಣ್ಣೆಗಳ ಹಣೆಬರಹ ಒಂದೇ ಎಂದಾಯಿತು.

ಹಾಗಾದರೆ ಬಾಟಲಿಯ ಬುಡದ ಆ ದ್ರವವು ಎಲ್ಲಿಂದ ಬಂದಿತು? ಟಾಕಿಯ ಬಾಯಿ ಮುಚ್ಚಿಯೇ ಇತ್ತಲ್ಲ ಎಂದು ನಾವು ಕೇಳಿದೆವು. ಮಿಸ್ತ್ರಿಯು ಹೇಳಿದನು: ಟಾಕಿಯೂ ಉಸಿರಾಡುವದು. ಹಗಲಿನ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಬೀಳುವದು. ರಾತ್ರಿಯ ತಂಪಿಗೆ ಹೊರಗಿನ ಗಾಳಿ ಒಳಸೇರುವದು. ಧಾರವಾಡದ ಮಳೆಗಾಲದ ಗಾಳಿಯೆಂದರೆ ಹಪ್ಪಳವನ್ನು ಹಿಂಡಬಹುದಾದ ಗಾಳಿ. ಅದರೊಡನೆ ಬಂದ ತೇವವು ಟಾಕಿಯ ಖಾಲಿ ಗೋಡೆಯ ಮೇಲೆ ಬೆವರಿ ಕೆಳಗಿಳಿಯುವದು. ಮೊದಲಿನ ಪೆಟ್ರೋಲು ನೀರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಈಗಿನದರಲ್ಲಿ ಎಥೆನಾಲ್ ಎಂಬ ಮದ್ಯಸಾರವು ಬೆರೆತಿದೆ. ಅದಕ್ಕೆ ನೀರಿನ ಮೇಲೆ ಬಹಳ ಪ್ರೀತಿ. ನೀರು ಒಂದು ಮಿತಿಯನ್ನು ದಾಟಿದ ಕೂಡಲೇ ಎಥೆನಾಲು ಪೆಟ್ರೋಲಿನ ಸಂಗವನ್ನು ಬಿಟ್ಟು ನೀರಿನೊಡನೆ ಸೇರಿ ತಳಕ್ಕಿಳಿಯುವದು. ನೂರಕ್ಕೆ ಹತ್ತು ಪಾಲು ಎಥೆನಾಲಿದ್ದರೆ, ನೂರಕ್ಕೆ ಸುಮಾರು ಅರ್ಧ ಪಾಲು ನೀರು ಸಾಕು ಈ ವಿಚ್ಛೇದಕ್ಕೆ. ಯಂತ್ರಕ್ಕೆ ಹೋಗುವ ನಳಿಗೆಯು ಟಾಕಿಯ ತಳದ ಹತ್ತಿರವೇ ಇರುವದರಿಂದ ಮೊದಲು ಮೇಲೇರುವದೂ ಈ ನೀರೇ.

ಎಥೆನಾಲಿನ ಈ ಕಥೆಯು ನಮ್ಮ ನಾಡಿಗೆ ದೂರದ್ದಲ್ಲ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರಖಾನೆಗಳಲ್ಲಿ ಕಬ್ಬಿನ ಕಾಕಂಬಿಯಿಂದ ಅದನ್ನು ಬಟ್ಟಿಯಿಳಿಸುವರು. ೨೦೦೩ರಲ್ಲಿ ಕೆಲವು ರಾಜ್ಯಗಳಲ್ಲಿ ನೂರಕ್ಕೆ ಐದರಂತೆ ಬೆರಸುವದು ಆರಂಭವಾಯಿತು. ೨೦೨೨ರಲ್ಲಿ ದೇಶವು ಹತ್ತರ ಪ್ರಮಾಣವನ್ನು ಮುಟ್ಟಿತು. ೨೦೨೩ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಮಾರಂಭವೊಂದರಲ್ಲಿ ಇಪ್ಪತ್ತರ ಪೆಟ್ರೋಲಿಗೆ ಚಾಲನೆ ಕೊಟ್ಟರು. ರೈತನಿಗೆ ಇದರಿಂದ ಲಾಭವುಂಟು. ಪರದೇಶದ ಎಣ್ಣೆಯ ಖರ್ಚೂ ಕಡಿಮೆ. ಅದನ್ನು ದೂಷಿಸುವದು ನಮ್ಮ ಉದ್ದೇಶವಲ್ಲ. ಆದರೆ ದಿನಾಲು ಓಡುವ ಗಾಡಿಗೆ ತೊಂದರೆ ಕೊಡದ ಈ ನೀರಿನ ಪ್ರೀತಿಯು ನಿಂತ ಗಾಡಿಗೆ ಶತ್ರುವೆಂಬದನ್ನೂ, ಹಳೆಯ ಗಾಡಿಗಳ ರಬ್ಬರಿನ ನಳಿಗೆಗಳನ್ನು ಎಥೆನಾಲು ಮೆತ್ತಗೆ ಮಾಡಬಲ್ಲದೆಂಬದನ್ನೂ ಮನೆಯವರು ತಿಳಿದಿರುವದು ಒಳ್ಳೆಯದು.

ಈ ಎಲ್ಲ ವಿವರಣೆಯನ್ನು ಕೇಳಿಯೂ ವೈನಿಯವರು ಬಾಟಲಿಯನ್ನೇ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ, “ಹಂಗಾದ್ರ ಅವರು ತುಂಬಿಸಿದ್ದು ಇದರಾಗ ಉಳದೇ ಇಲ್ಲ ಅನ್ನು” ಎಂದರು. ಸಮಾಸಗಳನ್ನು ಬಿಡಿಸಿ ಹೇಳುವ ನಮಗೆ ಆ ಮಾತಿಗೆ ಉತ್ತರ ಹೊಳೆಯಲಿಲ್ಲ. ಮಿಸ್ತ್ರಿಯೇ ಮೆಲ್ಲಗೆ, “ಹಗುರ ಇದ್ದದ್ದು ಎಂದೋ ಹಾರಿಹೋಗೇತ್ರಿ ಅಮ್ಮಾರ. ಉಳದಿದ್ದು ಬರೇ ಅಂಟು. ಇದನ್ನ ಇಟಗೊಂಡ್ರ ಗಾಡೀನೂ ಹೋಗತೈತ್ರಿ” ಎಂದನು. ವೈನಿಯವರು ಸೆರಗಿನಿಂದ ಕಣ್ಣೊರಸಿಕೊಂಡು, “ಒಯ್ಯಿ” ಎಂದರು. ಅಷ್ಟೇ. ನಾಲ್ಕೂವರೆ ವರುಷ ಯಾರ ಮಾತಿಗೂ ತೆರೆಯದ ಬಾಗಿಲು ಆ ಎರಡಕ್ಷರದಲ್ಲಿ ತೆರೆಯಿತು.

ಒಯ್ಯುವದು ಎಲ್ಲಿಗೆ? ಇದು ಮೂರನೆಯ ಪಾಠ. ಗಟಾರಕ್ಕೆ ಸುರಿದರಾಗದೇ ಎಂದು ನಾವು ಕೇಳಿದ್ದುಂಟು. ಗೆದ್ದಲ ಹುತ್ತಕ್ಕೆ ಹಾಕಿದರೆ ಒಳ್ಳೆಯದೆಂದು ನೆರೆಯವರು ಹೇಳಿದ್ದೂ ಉಂಟು. ಎರಡೂ ತಪ್ಪು. ನೆಲಕ್ಕೆ ಸುರಿದದ್ದು ಬಾವಿಯ ನೀರಿಗೆ ಇಳಿಯುವದು. ಮುಚ್ಚಿದ ಗಟಾರಕ್ಕೆ ಸುರಿದದ್ದು ಆವಿಯಾಗಿ ಒಳಗೇ ತುಂಬಿಕೊಳ್ಳುವದು. ೧೯೯೨ರ ಏಪ್ರಿಲ್ ೨೨ರಂದು ಮೆಕ್ಸಿಕೋ ದೇಶದ ಗ್ವಾದಲಹಾರಾ ಪಟ್ಟಣದಲ್ಲಿ, ಸೋರಿದ ಪೆಟ್ರೋಲು ಗಟಾರಗಳಲ್ಲಿ ಸೇರಿ ಸಿಡಿದು, ಬೀದಿಗೆ ಬೀದಿಯೇ ಸೀಳಿಹೋಗಿ, ಇನ್ನೂರಕ್ಕೂ ಮಿಕ್ಕಿ ಜನ ಮಡಿದರು. ನಮ್ಮ ಒಂದು ಬಕೀಟು ಅಷ್ಟು ಮಾಡಲಿಕ್ಕಿಲ್ಲ. ಆದರೆ ಬಕೀಟಿಗೆ ಬಕೀಟು ಕೂಡಿಯೇ ಗಟಾರ ತುಂಬುವದಲ್ಲವೇ? ಮಿಸ್ತ್ರಿಯು ಎಲ್ಲವನ್ನೂ ಬಯಲಿನಲ್ಲಿ ಬಿರಡೆಯುಳ್ಳ ಎರಡು ತಗಡಿನ ಡಬ್ಬಿಗಳಿಗೆ ಬಸಿದನು. ಅಳತೆ ಮಾಡಿದಾಗ ಒಟ್ಟು ೨೧ ಲೀಟರು. ಗ್ಯಾರೇಜುಗಳಿಂದ ಕೆಟ್ಟ ಎಣ್ಣೆಯನ್ನು ಒಯ್ಯಲು ಪರವಾನಿಗೆ ಪಡೆದವರು ತಿಂಗಳಿಗೊಮ್ಮೆ ಬರುವರಂತೆ, ಅವರಿಗೇ ಕೊಟ್ಟನು. ೧೯೩೪ರ ಪೆಟ್ರೋಲಿಯಮ್ ಕಾಯಿದೆಯ ಪ್ರಕಾರ, ಮಾರಾಟಕ್ಕಲ್ಲದೆ ಪರವಾನಿಗೆಯಿಲ್ಲದೆ ಒಬ್ಬನು ಇಟ್ಟುಕೊಳ್ಳಬಹುದಾದ ಪೆಟ್ರೋಲು ೩೦ ಲೀಟರು ಮಾತ್ರ. ಅದೂ ಭದ್ರವಾಗಿ ಬಿರಡೆಯಿಕ್ಕಿದ ಪಾತ್ರೆಯಲ್ಲಿ. ಗಾಜಿನದಾದರೆ ಒಂದು ಲೀಟರಿನದು, ಲೋಹದ್ದಾದರೆ ೨೫ ಲೀಟರಿನದು ಮೀರಬಾರದು. ಪ್ಲಾಸ್ಟಿಕ್ ಬಕೀಟಿನ ಮಾತು ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ.

ಮುಂದಿನ ಕೆಲಸ ನಾಲ್ಕು ದಿನಗಳದು. ಟಾಕಿಯನ್ನು ಇಳಿಸಿ ತೊಳೆದು ಒಣಗಿಸಿದನು. ಬಿರಿದ ರಬ್ಬರಿನ ನಳಿಗೆಗಳನ್ನೂ ಫಿಲ್ಟರನ್ನೂ ಬದಲಿಸಿದನು. ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಬೆರಸಿಕೊಡುವ ಕಾರ್ಬೊರೇಟರನ್ನು ಬಿಚ್ಚಿದಾಗ, ಸೂಜಿಯ ಮೊನೆಯಷ್ಟು ಸಣ್ಣ ಅದರ ರಂಧ್ರಗಳಲ್ಲಿ ಕಂದು ಬಣ್ಣದ ಅರಗು ಕಟ್ಟಿತ್ತು. ನಾವು ಹದಿನೈದು ಸಲ ಚಾವಿ ತಿರುವಿಸಿದ್ದರ ಫಲವೂ ಅದರಲ್ಲಿ ಸೇರಿತ್ತೆಂದು ಅವನು ಹೇಳಲಿಲ್ಲ, ನಾವೇ ಅರಿತುಕೊಂಡೆವು. ಪ್ಲಗ್ಗುಗಳನ್ನು ಕಳಚಿ ಆ ತೂತುಗಳಲ್ಲಿ ನಾಲ್ಕು ನಾಲ್ಕು ಹನಿ ಎಣ್ಣೆ ಬಿಟ್ಟು, ಯಂತ್ರವನ್ನು ಮೊದಲು ಕೈಯಿಂದಲೇ ತಿರುಗಿಸಿ ನೋಡಿದನು. ಎಣ್ಣೆ, ಬ್ರೇಕು, ಟಾಯರು ಎಲ್ಲವನ್ನೂ ನೋಡಿದ ಬಳಿಕವೇ ಹೊಸ ಪೆಟ್ರೋಲಿನ ಮಾತು.

ಅವನಿಂದ ತಿಳಿದುಕೊಂಡ ಇನ್ನು ಕೆಲವು ಮಾತುಗಳನ್ನು ವಾಚಕರಿಗಾಗಿ ಸಂಗ್ರಹಿಸುತ್ತೇವೆ. ಮಕ್ಕಳ ಮನೆಗೆಂದು ಅಮೇರಿಕೆಗೆ ಹೋಗಿ ಆರು ತಿಂಗಳು ಇದ್ದುಬರುವವರು ನಮ್ಮ ಊರಿನಲ್ಲಿ ಈಗ ಓಣಿಗೆ ನಾಲ್ವರಿದ್ದಾರೆ. ಅವರ ಗಾಡಿಗಳೂ ನಿಲ್ಲುವವು. ಟಾಕಿಯಲ್ಲಿಯ ಪೆಟ್ರೋಲು ಮೂರು ತಿಂಗಳು ಚೆನ್ನಾಗಿರುವದು. ಆರು ತಿಂಗಳ ಮೇಲೆ ನಂಬಿಕೆಯಿಲ್ಲ. ನಂಬಿಗಸ್ತರೊಬ್ಬರು ಹದಿನೈದು ದಿನಕ್ಕೊಮ್ಮೆ ಅರ್ಧ ತಾಸು ರಸ್ತೆಯ ಮೇಲೆ ಓಡಿಸಿದರೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ನಿಂತಲ್ಲಿಯೇ ಎರಡು ನಿಮಿಷ ಗುರುಗುಟ್ಟಿಸಿ ಆರಿಸುವದು ಉಪಾಯವಲ್ಲ. ಕೆಲವು ತಿಂಗಳು ನಿಲ್ಲಿಸಲೇಬೇಕಾದರೆ ಅರೆಖಾಲಿ ಟಾಕಿ ಎಲ್ಲಕ್ಕಿಂತ ಕೆಟ್ಟದ್ದು. ಖಾಲಿ ಜಾಗವೇ ತೇವದ ಮನೆ. ಕೆಡದಂತೆ ಕಾಯುವ ಔಷಧವು ಅಂಗಡಿಗಳಲ್ಲಿ ಸಿಗುವದು. ಆದರೆ ಅದನ್ನು ಹೊಸ ಪೆಟ್ರೋಲಿಗೆ ಬೆರಸಬೇಕು. ಕೆಟ್ಟದ್ದನ್ನು ಮರಳಿ ಬದುಕಿಸುವ ಔಷಧವಿಲ್ಲ. ವರುಷಗಟ್ಟಲೆ ನಿಲ್ಲಿಸುವದಾದರೆ ಟಾಕಿಯನ್ನೂ ಕಾರ್ಬೊರೇಟರನ್ನೂ ಪೂರ್ತಿ ಬರಿದುಮಾಡಿಸಿಯೇ ನಿಲ್ಲಿಸಬೇಕು. ಈಗಿನ ಗಾಡಿಗಳಲ್ಲಿ ಕಾರ್ಬೊರೇಟರಿಲ್ಲ. ಬದಲಿಗೆ ಪೆಟ್ರೋಲನ್ನು ಸಿಂಪಡಿಸುವ ಇಂಜೆಕ್ಟರುಗಳೂ ಟಾಕಿಯೊಳಗೇ ವಿದ್ಯುತ್ತಿನ ಪಂಪೂ ಇವೆ. ಅವು ಕಟ್ಟಿದರೆ ಖರ್ಚು ಇನ್ನೂ ಹೆಚ್ಚು. ಬಹುಕಾಲ ನಿಂತ ಗಾಡಿಗೆ ಚಾವಿ ಹಾಕುವ ಮುನ್ನವೇ ಬಲ್ಲವರನ್ನು ಕರೆಯಬೇಕೆಂಬದು ಎಲ್ಲದರ ಸಾರ.

ವಿಮೆ, ನೋಂದಣಿ ಮೊದಲಾದ ಕಾಗದಪತ್ರಗಳನ್ನೆಲ್ಲ ಹೊಸದು ಮಾಡಿಸಿ ಮುಗಿಯುವಷ್ಟರಲ್ಲಿ ಒಂದು ತಿಂಗಳಾಯಿತು. ಮಾರ್ಗಶೀರ್ಷದ ಒಂದು ಶನಿವಾರ ಬೆಳಿಗ್ಗೆ ಮಿಸ್ತ್ರಿಯು ಐದು ಲೀಟರು ಪೆಟ್ರೋಲು ಹಾಕಿದನು. ಅದರ ಹಣವನ್ನು ನಾವು ಕೊಡಹೋದರೆ ವೈನಿಯವರು ಒಪ್ಪಲಿಲ್ಲ. ತಮ್ಮ ಪಿಂಚಣಿಯಿಂದ ಕೊಟ್ಟರು. ಮೊದಲನೆಯ ಸಲ ಚಾವಿ ತಿರುವಿದಾಗ ಯಂತ್ರವು ಏನೂ ಅನ್ನಲಿಲ್ಲ. ಎರಡನೆಯ ಸಲ ಗುರ್ರೆಂದಿತು. ಮೂರನೆಯ ಸಲ ಹಿಡಿಯಿತು. ವೈನಿ ಯಾವಾಗಲೂ ಕೂಡುತ್ತಿದ್ದ ಮುಂದಿನ ಸೀಟಿನಲ್ಲಿಯೇ ಕುಳಿತರು; ನಾವು ಹಿಂದೆ. ಬಾದಾಮಿಯ ದೂರಕ್ಕೆ ಇಷ್ಟು ಬೇಗ ಬೇಡವೆಂದು ಮಿಸ್ತ್ರಿ ಹೇಳಿದ್ದರಿಂದ, ಅಂದು ನುಗ್ಗಿಕೇರಿಯ ಹನುಮಪ್ಪನ ದರ್ಶನ ಮಾಡಿಕೊಂಡು ಬಂದೆವು. ಬನಶಂಕರಿಯ ಹರಕೆಯನ್ನು ಜಾತ್ರೆಯ ಗದ್ದಲ ಕಳೆದ ಮೇಲೆ ತೀರಿಸುವದೆಂದು ನಿಶ್ಚಯವಾಗಿದೆ.

ಮನೆಗೆ ಬಂದ ಮೇಲೆ ವೈನಿಯವರು ಗಾಡಿಯೊಳಗಿನ ಆ ಸಣ್ಣ ವಹಿಯನ್ನು ಹೊರತೆಗೆದರು. ಕೊನೆಯ ಸಾಲು ಅಣ್ಣನವರ ಕೈಬರಹ: ‘೧೪-೪-೨೦೨೧. ಟಾಕಿ ಪೂರ್ಣ.’ ನಾಲ್ಕೂವರೆ ವರುಷಗಳ ಸೆಕೆ, ಚಳಿ, ಮಳೆಗಳಲ್ಲಿ ಅದರ ಒಂದು ಕೊಂಬೂ ಮಾಸಿರಲಿಲ್ಲ. ಟಾಕಿಯಲ್ಲಿದ್ದುದು ಕೆಟ್ಟಿತು, ಬರೆದದ್ದು ಉಳಿಯಿತು. ಕ್ಷಯಿಸದಿರುವದಕ್ಕೇ ಅಕ್ಷರವೆಂದು ಹೆಸರು ಎಂಬದನ್ನು ಎಷ್ಟು ತರಗತಿಗಳಿಗೆ ಹೇಳಿದ್ದೆವೋ. ಅದರ ಅರ್ಥ ನಮಗೆ ಅಂದು ಆಯಿತು. ಅಗಲಿದವರ ನೆನಪಿಗೆಂದು ಇಡತಕ್ಕದ್ದು ಯಾವದು, ಬಿಡತಕ್ಕದ್ದು ಯಾವದು ಎಂಬ ವಿವೇಕವು ದುಃಖದಲ್ಲಿ ಬೇಗ ಬರುವದಿಲ್ಲ. ನಿಂತರೆ ಕೆಡುವಂಥದನ್ನು ಓಡಿಸಬೇಕು, ಇಲ್ಲವೇ ಬಿಡಬೇಕು.

ವೈನಿಯವರು ಕನ್ನಡಕ ಹಾಕಿಕೊಂಡು, ಅಣ್ಣನವರ ಸಾಲಿನ ಕೆಳಗೆ ಒಂದು ಸಾಲು ಬಿಡದೆ, ತಮ್ಮ ದುಂಡಗಿನ ಅಕ್ಷರದಲ್ಲಿ ಆ ದಿನದ ತಾರೀಖನ್ನು ಬರೆದರು. ಅದರ ಮುಂದೆ ‘೫ ಲೀಟರು’ ಎಂದು ಬರೆದು, ನಮ್ಮ ಕಡೆ ತಿರುಗಿ, “ದೂರ ಎಷ್ಟಾತು, ನೋಡಿ ಹೇಳು” ಎಂದರು.